ಬೆಳಗಾಗುವಷ್ಟರಲ್ಲಿ ಕುಗ್ಗಿದ ಮುಚ್ಚಳ

ನನ್ನ ಮೊಮ್ಮಗಳು ಪ್ಲಾಸ್ಟಿಕ್ ಚೀಲವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ದೂರ ಇಡುತ್ತಾಳೆ. ‘ಅಜ್ಜಿ, ಹೌ ಕ್ಯಾನ್ ಯೂ!’ ಎಂದು ಶುರುವಾಗುವ ಒಂದು ಉಪನ್ಯಾಸವೂ ನನಗೆ ಸಿಗುತ್ತದೆ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ, ಯಾಕೆಂದರೆ ಅವಳು ಹೇಳುವುದು ಸರಿಯೇ ಇದೆ. ಆದರೆ ಐವತ್ತರ ದಶಕದ ಕೊನೆಯ ಮುಂಬಯಿಯಲ್ಲಿ ಆ ಪದಕ್ಕೆ ಅತ್ತರಿನ ಪರಿಮಳವಿತ್ತೆಂದು ಅವಳಿಗೆ ಹೇಗೆ ತಿಳಿಸಲಿ? ಆಗ ಯಾರಾದರೂ ಫಾರಿನ್ನಿನಿಂದ ತಂದ ಶರಟಿನ ಜೊತೆ ಒಂದು ಪಾಲಿಥೀನ್ ಚೀಲ ಬಂದರೆ, ಶರಟನ್ನು ಮನೆಯ ಯಜಮಾನರು ತೊಡುತ್ತಿದ್ದರು. ಚೀಲವನ್ನು ಯಜಮಾನಿ ತೊಳೆದು, ಗ್ಯಾಲರಿಯ ಹಗ್ಗಕ್ಕೆ ಸಿಗಿಸಿ ಒಣಗಿಸಿ, ರೇಷ್ಮೆ ಸೀರೆಗಳ ನಡುವೆ ಮಡಿಸಿಡುತ್ತಿದ್ದಳು. ನಮ್ಮ ಚಾಳಿನಲ್ಲಿ ಅಂಥ ಚೀಲ ಯಾರ ಯಾರ ಮನೆಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಗೆ ಹೋಗುವಾಗ ಕೇಳಿ ತೆಗೆದುಕೊಂಡು ಹೋಗುವವರೂ ಇದ್ದರು.

ಆ ಬೇಸಗೆಯಲ್ಲಿ ನಾನು ಇಂಟರ್ ಸೈನ್ಸ್ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತ ದಾದರಿನ ನಮ್ಮ ಚಾಳಿನಲ್ಲಿ ಕೂತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಇಂಗ್ಲಿಷು, ಕ್ರೋಶೆ, ಮತ್ತು ಬೆನ್ನು ನೆಟ್ಟಗಿಟ್ಟು ಕೂಡುವುದು. ಕೆಮಿಸ್ಟ್ರಿಯನ್ನು ಮಾತ್ರ ನಾನೇ ಹಟ ಮಾಡಿ ತೆಗೆದುಕೊಂಡಿದ್ದೆ. ಅವ್ವನಿಗೆ ಅದು ಯಾತಕ್ಕೆ ಬರುವ ವಿದ್ಯೆ ಎಂಬುದು ತಿಳಿದಿರಲಿಲ್ಲ. ಟು ಬಿ ಫ್ರ್ಯಾಂಕ್, ನನಗೂ ತಿಳಿದಿರಲಿಲ್ಲ. ಅದು ಬಂದದ್ದು ಮಾಮಾನ ಉಪಯೋಗಕ್ಕೆ.

ಮಾಮಾ ಅಂದರೆ ಅವ್ವನ ತಮ್ಮ. ನಮ್ಮದೇ ಚಾಳಿನಲ್ಲಿ ಕೆಳಗಿನ ಮಾಳಿಗೆಯಲ್ಲಿ ಇದ್ದರು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದವರು ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕ್ಲಾರ್ಕ್ ಆಗಿ ಸೇರಿ, ಅಂದಿನಿಂದ ಕರಿ ಕೋಟು, ಕರಿ ಟೋಪಿ, ಬೆಳಗಿನ ಕಿಕ್ಕಿರಿದ ಲೋಕಲ್ಲು ಎಂದುಕೊಂಡು ಬಾಳುತ್ತಿದ್ದರು. ಕೋಟಿನೊಳಗಿನ ಮನುಷ್ಯ ಮಾತ್ರ ಬೇರೆಯೇ. ಇಡೀ ಚಾಳಿನ ಕೆಟ್ಟ ಗಡಿಯಾರ, ಸೋರುವ ಸ್ಟೋವ್, ಹಟ ಹಿಡಿದ ಬೀಗ, ಎಲ್ಲವೂ ಅವರ ಮನೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಅಂಥವರು ಒಂದು ದಿನ ಒಬ್ಬ ಕಚ್ಛಿ ವ್ಯಾಪಾರಿಯಿಂದ ಕೈಯಲ್ಲಿ ನಡೆಸುವ ಪ್ಲಾಸ್ಟಿಕ್ ಮಷಿನ್ನನ್ನು ಕೊಂಡೇಬಿಟ್ಟರು. ಸ್ಟೇಷನ್ನಿನ ಹಿಂದೆ ಒಂದು ತಗಡಿನ ಗಾಳಾ ಹಿಡಿದರು; ಮುಂಬಯಿಯಲ್ಲಿ ಸಣ್ಣ ಕಾರಖಾನೆಯ ಕೋಣೆಗೆ ಹಾಗೆನ್ನುತ್ತಾರೆ. ಆಫೀಸಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟರು.

ಮಷಿನ್ ನೋಡಲು ನಮ್ಮ ಚಕ್ಕುಲಿ ಒರಳಿನ ದೈತ್ಯ ಅಣ್ಣನಂತಿತ್ತು. ಮೇಲೆ ಒಂದು ಆಲಿಕೆ, ಅದರೊಳಗೆ ಸಾಬೂದಾಣಿಯಂಥ ಪ್ಲಾಸ್ಟಿಕ್ ಕಾಳು. ಕೆಳಗೆ ಕರೆಂಟಿನಿಂದ ಕಾಯುವ ಕೊಳವೆ. ಉದ್ದನೆಯ ಹಿಡಿಕೆಗೆ ಜೋತುಬಿದ್ದು ಜಗ್ಗಿದರೆ, ಕರಗಿದ ಪಾಕ ಕಬ್ಬಿಣದ ಅಚ್ಚಿನೊಳಗೆ ನುಗ್ಗುತ್ತಿತ್ತು. ಅಚ್ಚು ಬಿಚ್ಚಿದರೆ ಅಲ್ಲೊಂದು ಸೋಪಿನ ಡಬ್ಬಿ, ಬೆಚ್ಚಗೆ, ಮೇಣದಬತ್ತಿಯ ವಾಸನೆ ಬೀರುತ್ತ ಕೂತಿರುತ್ತಿತ್ತು. ಮಾಮಾ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರು.

ಮಾಮಿಗೆ ಇದೆಲ್ಲ ಬೇಕಾಗಿರಲಿಲ್ಲ. ಅವಳ ಅಪ್ಪ ಹುಬ್ಬಳ್ಳಿಯಲ್ಲಿ ಸೋಡಾ ಫ್ಯಾಕ್ಟರಿ ತೆಗೆದು, ಅದನ್ನು ಮುಚ್ಚಿ, ಉಳಿದ ಬಾಟಲಿಗಳನ್ನು ಮನೆಯ ಹಿತ್ತಲಲ್ಲಿ ಗೋಪುರದಂತೆ ಪೇರಿಸಿ ಇಟ್ಟವರು. ಆ ಗೋಪುರದ ಪಕ್ಕದಲ್ಲಿ ಆಡಿ ಬೆಳೆದ ಹೆಂಗಸಿಗೆ ಗಂಡನ ಕರಿ ಕೋಟು ಎಷ್ಟು ದೊಡ್ಡ ಧೈರ್ಯ ಎಂಬುದು ನನಗೆ ಈಗ ಅರ್ಥವಾಗುತ್ತದೆ. ಆಗ ನನಗೆ ಅವಳೊಬ್ಬ ಜಗಳಗಂಟಿ, ಅಷ್ಟೇ. ರಜೆ ಬರೆದುಕೊಟ್ಟ ದಿನವೇ ಅವಳು ಒಂದು ಕರಾರು ಹಾಕಿದಳು. ನಾನು ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

‘ರಜಾ ಮುಗಿಯೂದ್ರಾಗ ಒಂದ ಹೋಟೆಲ್ಲರ, ಒಂದ ಅಂಗಡಿಯರ ನಿಮ್ಮ ಸಾಮಾನು ಇಟ್ಕೊಂತು ಅಂದ್ರ ನೌಕರಿ ಬಿಡ್ರಿ. ನಾ ಏನೂ ಅನ್ನಂಗಿಲ್ಲ. ಇಲ್ಲಾಂದ್ರ ಸೋಮವಾರ ಮುಂಜಾನಿ ಕೋಟ ಹಾಕ್ಕೊಂಡು ಸೀದಾ ಲೋಕಲ್ ಹಿಡೀಬೇಕು. ಆ ಮಷಿನ್ ಕಡೆ ಹೊಳ್ಳಿ ನೋಡಬಾರದು.’

‘ಹೊಳ್ಳಿ ನೋಡಬಾರದು ಅಂದ್ರ ಹೆಂಗ? ಒಮ್ಮೊಮ್ಮೆ ಸಂಡೇ—’

‘ಸಂಡೇನೂ ಇಲ್ಲ.’

ಮಾಮಾ ನನ್ನ ಕಡೆ ನೋಡಿದರು. ನಾನು ಬೆಳ್ಳುಳ್ಳಿಯ ಕಡೆ ನೋಡಿದೆ. ಕರಾರು ಆಗಿಹೋಯಿತು.

ಸೋಪಿನ ಡಬ್ಬಿಯನ್ನು ಯಾರೂ ಇಟ್ಟುಕೊಳ್ಳಲಿಲ್ಲ, ಆಗಲೇ ಪೇಟೆಯ ತುಂಬ ಅವೇ ಇದ್ದವು. ರಜೆ ಕರಗುತ್ತ ಬಂದಾಗ ದಾರಿ ತೋರಿಸಿದ್ದು ಫೋರ್ಟಿನ ಉಡುಪಿ ಹೋಟೆಲ್. ಮಾಮಾನ ಆಫೀಸು ಇದ್ದ ಬಿಲ್ಡಿಂಗಿನ ಕೆಳಗೇ ಅದು. ಮೇಲಿನ ಮಾಳಿಗೆಗಳ ಕಚೇರಿಗಳಿಗೆಲ್ಲ ಅಲ್ಲಿಂದಲೇ ಕಾಫಿ ಹೋಗಬೇಕು, ಅದೂ ಮೆಟ್ಟಿಲು ಹತ್ತಿ. ಲಿಫ್ಟು ಸಾಹೇಬರಿಗೆ ಮಾತ್ರ. ಹೋಟೆಲಿನ ಯಜಮಾನರು ಬಿಳಿ ಪಂಚೆ, ಹಣೆಗೆ ಗಂಧ ಇಟ್ಟು ಗಲ್ಲಾದಲ್ಲಿ ಕೂರುವವರು. ಮಾಮಾ ಮಷಿನ್ ಕೊಂಡ ಸುದ್ದಿ ಅವರಿಗೂ ತಲುಪಿತ್ತು.

‘ರಾಯ್ರೆ, ನಿಮ್ಮ ಆ ಮಷಿನಲ್ಲಿ ಲೋಟಕ್ಕೊಂದು ಮುಚ್ಚಳ ಮಾಡ್ಲಿಕ್ಕೆ ಆಗುದಿಲ್ವಾ?’ ಎಂದು ಕೇಳಿದರಂತೆ. ‘ಮೇಲೆ ಹೋಗುವಷ್ಟರಲ್ಲಿ ಅರ್ಧ ಕಾಫಿ ಮೆಟ್ಟಿಲೇ ಕುಡೀತದೆ ಮಾರಾಯ್ರೆ. ಉಳಿದ ಅರ್ಧ ತಣ್ಣಗೆ. ಬೈಸಿಕೊಳ್ಳುದು ಯಾರು? ನಾನು.’

ಅವರ ಹತ್ತಿರ ಹೊಸದಾಗಿ ತರಿಸಿದ ಸ್ಟೀಲ್ ಲೋಟಗಳಿದ್ದವು, ಎಲ್ಲವೂ ಒಂದೇ ಅಳತೆಯವು. ಅವುಗಳಲ್ಲಿ ಒಂದನ್ನು ಮಾಮಾ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅವರಿಗೆ ಪರಿಚಯದ ಒಬ್ಬ ಕೊಂಕಣದ ಮಿಸ್ತ್ರಿ ಲೇಥಿನ ಮೇಲೆ ಆ ಲೋಟದ ಬಾಯಿಗೆ ಸರಿಯಾಗಿ ಅಚ್ಚು ಕೊರೆದುಕೊಟ್ಟ. ಇನ್ನು ಅದರೊಳಗೆ ಯಾವ ಪ್ಲಾಸ್ಟಿಕ್ ಹಾಕುವುದು ಎನ್ನುವುದೊಂದೇ ಪ್ರಶ್ನೆ ಉಳಿದಿತ್ತು.

ಮೊದಲು ಸ್ಟೈರೀನ್ ಹಾಕಿದೆವು. ಗಾಜಿನಂತೆ ಹೊಳೆಯುವ ಮುಚ್ಚಳ ಬಂತು. ಬೆರಳಲ್ಲಿ ಬಡಿದರೆ ಟಿಣ್ ಎನ್ನುತ್ತಿತ್ತು, ಲೋಟದ ಮೇಲಿಟ್ಟು ಒತ್ತಿದರೆ ಹಪ್ಪಳದಂತೆ ಚಟ್ಟೆಂದು ಎರಡು ಹೋಳು. ಆಮೇಲೆ ಪಾಲಿಥೀನ್. ಅದು ಮೆತ್ತಗೆ, ಹಾಲು ಬಣ್ಣ, ಎಷ್ಟು ಬಗ್ಗಿಸಿದರೂ ಮುರಿಯದು. ಬಿಸಿ ಕಾಫಿಯ ಮೇಲೆ ಮುಚ್ಚಿದರೆ ಮಾತ್ರ, ಮಧ್ಯಾಹ್ನದ ಪ್ರವಚನದಲ್ಲಿ ಕೂತ ಮುದುಕರಂತೆ ಮೆಲ್ಲಗೆ ತಲೆ ವಾಲಿಸಿ ಒಂದು ಕಡೆ ಜಾರುತ್ತಿತ್ತು.

ಮಾಮಾ ಒಂದು ದಿನವೆಲ್ಲ ಯೋಚಿಸಿದರು. ಸಂಜೆ ಊಟಕ್ಕೆ ಕೂತಾಗ, ತಟ್ಟೆಯಲ್ಲಿದ್ದ ದೋಸೆಯನ್ನು ಎತ್ತಿ ಬೆಳಕಿಗೆ ಹಿಡಿದರು.

‘ಬರೇ ಅಕ್ಕಿ ಹಾಕಿದ್ರ ದ್ವಾಸಿ ಬಿರುಸಾಗ್ತದ. ಬರೇ ಉದ್ದಿನ ಬ್ಯಾಳಿ ಹಾಕಿದ್ರ ಮೆತ್ತಗ. ಎರಡೂ ಕೂಡಿಸಿ ರುಬ್ಬಿದ್ರ?’

‘ದ್ವಾಸಿ,’ ಅಂದಳು ಮಾಮಿ.

‘ಅದ ನಾ ಹೇಳೂದು! ಮೂರು ಪಾಲು ಅದು, ಒಂದು ಪಾಲು ಇದು.’

‘ಹುಳಿ ಬರಾಕ ಇಡಬೇಕೇನ್ರಿ ಮತ್ತ?’

ಮಾರನೆಯ ದಿನ ಆಲಿಕೆಯೊಳಗೆ ಎರಡೂ ಕಾಳು ಕೂಡಿಸಿ ಹಾಕಿದರು. ಐ ಮಸ್ಟ್ ಸೇ, ಅಚ್ಚಿನಿಂದ ಹೊರಗೆ ಬಂದ ಮುಚ್ಚಳ ನೋಡಿದರೆ ಯಾರಾದರೂ ಮರುಳಾಗಬೇಕು. ಮುತ್ತಿನ ಚಿಪ್ಪಿನ ಒಳಮೈಯ ಹೊಳಪು. ಮಾಮಾ ಅದನ್ನು ಮನೆಗೆ ತಂದು ಮಾಮಿಯ ಅಂಗೈಯಲ್ಲಿ ಇಟ್ಟರು. ಮಾಮಿ ಉಗುರಿನಿಂದ ಅಂಚನ್ನು ಕೆರೆದಳು. ಒಂದು ಪದರು ಎದ್ದಿತು. ಅದನ್ನು ಎಳೆದಳು, ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ನಮ್ಮ ಕಣ್ಣೆದುರೇ ಇಡೀ ಮುಚ್ಚಳ ಚಿರೋಟಿಯಂತೆ ಎಸಳು ಎಸಳಾಗಿ ಬಿಚ್ಚಿಕೊಂಡಿತು.

‘ಸಕ್ಕರಿ ಉದುರಿಸಿ, ಬದಾಮಿ ಹಾಲು ಹಾಕಿ ಕೊಡ್ಲೇನ್ರಿ?’ ಅಂದಳು ಮಾಮಿ.

ನಾನು ನಕ್ಕು ನಕ್ಕು ಕೆಮ್ಮಿದೆ. ಮಾಮಾ ನಗಲಿಲ್ಲ. ‘ಕೂಸ, ನೀ ಕೆಮಿಸ್ಟ್ರಿ ಓದೀದಿ. ಇದ್ಯಾಕ ಹಿಂಗಾತು ಹೇಳು,’ ಎಂದರು. ಆ ಮುಖ ನೋಡಿ ನನ್ನ ನಗು ನಿಂತಿತು. ಬರುವ ಸೋಮವಾರವೇ ಆ ಸೋಮವಾರ.

ನನ್ನ ಇಂಟರ್ ಸೈನ್ಸಿನ ಪುಸ್ತಕದಲ್ಲಿ ಇಂಥದೇನೂ ಇರಲಿಲ್ಲ. ಆದರೆ ಅದೇ ವಾರ ಮಾಲಿನ ದಲಾಲರೊಬ್ಬರು ಹೊಸದೊಂದು ಸ್ಯಾಂಪಲ್ ತಂದುಕೊಟ್ಟರು. ಅದೂ ಪಾಲಿಥೀನೇ, ಆದರೆ ಗಟ್ಟಿ ಜಾತಿಯದು; ಜರ್ಮನಿಯ ಕಡೆಯಿಂದ ಹೊಸದಾಗಿ ಬರುತ್ತಿತ್ತು. ಜೊತೆಗೊಂದು ಇಂಗ್ಲಿಷ್ ಪ್ಯಾಂಫ್ಲೆಟ್. ಮಾಮಾ ಅದನ್ನು ನನ್ನ ಕೈಗೆ ಕೊಟ್ಟು, ‘ನಮ್ಮ ಚೀಫ್ ಕೆಮಿಸ್ಟ್ ಸಾಹೇಬ್ರು’ ಎಂದು ಗಾಳಾದಲ್ಲಿದ್ದ ಒಂದೇ ಸ್ಟೂಲನ್ನು ನನಗೆ ಬಿಟ್ಟುಕೊಟ್ಟರು. ಅರ್ಧ ಓದಿ, ಅರ್ಧ ಊಹಿಸಿ, ನಾನು ಅದನ್ನು ನಮ್ಮ ಕಾನ್ವೆಂಟಿನ ಅಸೆಂಬ್ಲಿಗೆ ತಂದು ಕೂಡಿಸಿ ಅವರಿಗೆ ವಿವರಿಸಿದೆ.

ಪ್ಲಾಸ್ಟಿಕ್ ಅಂದರೆ ಶಾವಿಗೆಯಂಥ ಉದ್ದುದ್ದ ಎಳೆಗಳು. ಕರಗಿದಾಗ ಅವೆಲ್ಲ ರಿಸೆಸ್ಸಿನಲ್ಲಿ ಬಿಟ್ಟ ಹುಡುಗಿಯರು, ಒಬ್ಬರ ಕಾಲು ಒಬ್ಬರ ಕೈಯಲ್ಲಿ. ತಣ್ಣಗಾಗುತ್ತ ಬಂದರೆ ಬೆಲ್ ಹೊಡೆದಂತೆ. ಗಟ್ಟಿ ಪಾಲಿಥೀನಿನ ಹುಡುಗಿಯರು ಕೈ ಮೈಗೆ ಅಂಟಿಸಿ ನಿಲ್ಲುವವರು. ತಕ್ಷಣ ಸಾಲು ಹಿಡಿಯುತ್ತಾರೆ, ಭುಜಕ್ಕೆ ಭುಜ ತಾಗಿಸಿ. ಆ ಸಾಲುಗಳೇ ಹರಳು. ಹರಳು ಹೆಚ್ಚಿದ್ದಲ್ಲಿ ಗಟ್ಟಿ, ಬಿಸಿಗೂ ಬಗ್ಗದು, ಲೋಟದ ಬಾಯಿಗೂ ಬಗ್ಗದು. ಮೆತ್ತನೆಯ ಪಾಲಿಥೀನಿನವರು ಮೊಣಕೈ ಚಾಚಿ ನಿಲ್ಲುವವರು. ಹತ್ತಿರ ಹತ್ತಿರ ನಿಲ್ಲಲಾಗದು, ಸಾಲು ಅಲ್ಲೊಂದು ಇಲ್ಲೊಂದು. ಉಳಿದವರು ಅಡ್ಡಾದಿಡ್ಡಿ. ಅದಕ್ಕೇ ಅದು ಬಗ್ಗುತ್ತದೆ, ಬಿಸಿಗೆ ಸೋಲುತ್ತದೆ. ಇವರಿಬ್ಬರೂ ಒಂದೇ ಸ್ಕೂಲಿನವರು, ಆದ್ದರಿಂದ ಬೆರೆಸಿದರೆ ಕೂಡಿ ನಿಲ್ಲುತ್ತಾರೆ. ಸ್ಟೈರೀನಿನವರದು ಬೇರೆ ಸ್ಕೂಲು. ಎಷ್ಟು ಕಲಸಿದರೂ ಅವರ ಗುಂಪು ಒಂದು ಕಡೆ, ನಮ್ಮ ಗುಂಪು ಒಂದು ಕಡೆ, ಮಧ್ಯೆ ಮಾತಿಲ್ಲ ಕತೆಯಿಲ್ಲ. ಚಿರೋಟಿಯ ಎಸಳು ಬಿಚ್ಚುವುದು ಆ ಗೆರೆಯಲ್ಲಿ.

‘ಅಂದ್ರ ನಾಕು ಶಿಸ್ತಿನ ಹುಡುಗ್ಯಾರನ್ನ ಗದ್ದಲದ ಕ್ಲಾಸಿನ್ಯಾಗ ಕೂಡಿಸಿಬಿಡೂದು,’ ಎಂದರು ಮಾಮಾ.

‘ಎಗ್ಸ್ಯಾಕ್ಟ್ಲಿ, ಮಾಮಾ!’

ಬುತ್ತಿ ಕೊಡಲು ಬಂದಿದ್ದ ಮಾಮಿ ಬಾಗಿಲಲ್ಲೇ ನಿಂತು, ‘ಹಂಗ ಮಾಡಿದ್ರ ಆ ನಾಕೂ ಕೆಡ್ತಾವ, ಅಷ್ಟ,’ ಎಂದು ಬುತ್ತಿ ಕೆಳಗಿಟ್ಟು ಹೋದಳು.

ಕೆಡಲಿಲ್ಲ. ಶುಕ್ರವಾರ ಸಂಜೆ ಆಗುವಷ್ಟರಲ್ಲಿ ಮೆತ್ತನೆಯ ಪಾಲಿಥೀನಿಗೆ ಒಂದಿಷ್ಟು ಗಟ್ಟಿಯದನ್ನು ಬೆರೆಸಿದ ಒಂದು ಬುಟ್ಟಿ ಮುಚ್ಚಳ ಸಿದ್ಧವಾಯಿತು. ಅಚ್ಚಿನಿಂದ ಬಿಚ್ಚಿ ಲೋಟಕ್ಕೆ ಒತ್ತಿದರೆ ಕಟ್ ಎಂದು ಕೂಡುತ್ತಿತ್ತು. ಮಾಮಿ ಸ್ವತಃ ಪರೀಕ್ಷೆಗೆ ಇಳಿದಳು. ಕುದಿಯುವ ಕಾಫಿ ತುಂಬಿ, ಮುಚ್ಚಳ ಹಾಕಿ, ಸಾರಿಸಿದ ನೆಲದ ಮೇಲೆ ಲೋಟವನ್ನು ಬೋರಲು ಹಿಡಿದಳು. ಒಂದು ಹನಿ ಬೀಳಲಿಲ್ಲ. ಮುಚ್ಚಳ ವಾಲಲಿಲ್ಲ, ಒಡೆಯಲಿಲ್ಲ. ಅವಳು ಲೋಟವನ್ನು ಮತ್ತೆ ತಿರುಗಿಸಿ, ಮುಚ್ಚಳ ತೆಗೆದು, ಕಾಫಿಯನ್ನು ತಾನೇ ಕುಡಿದು, ‘ಸಕ್ಕರಿ ಕಡಿಮಿ ಆತು’ ಎಂದಳು. ಮಾಮಾನಿಗೆ ಅಷ್ಟು ಸಾಕಾಗಿತ್ತು. ಮಾರನೆಯ ದಿನ, ಶನಿವಾರ, ಹೋಟೆಲಿನಲ್ಲಿ ಪರೀಕ್ಷೆಯೆಂದು ಯಜಮಾನರ ಜೊತೆ ಆಗಲೇ ಮಾತಾಗಿತ್ತು.

ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಕೆಳಗಿನ ಮಾಳಿಗೆಯಿಂದ ಮಾಮಾನ ದನಿ ಕೇಳಿಸಿತು.

‘ಲೋಟಾ ಬದಲಿ ಮಾಡೀದಿ ಏನ?’

‘ನಾ ಯಾಕ ಬದಲಿ ಮಾಡ್ಲಿ ನಿಮ್ಮ ಲೋಟಾ?’

‘ಮತ್ತ ಇದ್ಯಾಕ ಕೂಡವಲ್ದು?’

‘ಲೋಟಾ ಬೆಳದಿರಬೇಕು ರಾತ್ರಿ. ಕಾಫಿ ಕುಡದು ಕುಡದು.’

ನಾನು ಓಡಿ ಕೆಳಗಿಳಿದೆ. ಬುಟ್ಟಿಯ ಪಕ್ಕದಲ್ಲಿ ಮಾಮಾ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಂದಾದ ಮೇಲೊಂದು ಮುಚ್ಚಳ ಎತ್ತಿ ಲೋಟದ ಬಾಯಿಗೆ ಒತ್ತುತ್ತಿದ್ದರು. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಎಗರುತ್ತಿತ್ತು. ಒಂದೂ ಕೂಡಲಿಲ್ಲ. ಕೂದಲೆಳೆಯಷ್ಟು ಸಣ್ಣವಾಗಿದ್ದವು, ಎಲ್ಲವೂ.

ನನಗೆ ಮಾಮಿಯ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ಹಿಂದಿನ ದಿನ ಅವಳು ಬೆಣ್ಣೆ ಕಾಸಿ ತುಪ್ಪದ ಭರಣಿ ತುಂಬಿಸಿ ಇಟ್ಟಿದ್ದಳು. ಸಂಜೆ ಕಂಠದವರೆಗೂ ಇದ್ದ ತುಪ್ಪ ಈಗ ಹರಳುಗಟ್ಟಿ, ನಡುವೆ ಕುಳಿ ಬಿದ್ದು, ಕೆಳಗಿಳಿದು ಕೂತಿತ್ತು. ಯಾರೂ ಒಂದು ಚಮಚೆ ತೆಗೆದಿರಲಿಲ್ಲ.

‘ಮಾಮಾ, ತುಪ್ಪ ನೋಡ್ರಿ,’ ಎಂದೆ.

ಅವರು ನೋಡಿದರು. ಸಾಲು ಹಿಡಿದು ನಿಂತ ಹುಡುಗಿಯರಿಗೆ ಗದ್ದಲ ಮಾಡುವ ಹುಡುಗಿಯರಿಗಿಂತ ಕಡಿಮೆ ಜಾಗ ಸಾಕು. ಮುಚ್ಚಳ ಕೈಗೆ ತಣ್ಣಗೆ ಹತ್ತಿದ ಮೇಲೂ ಅದರೊಳಗೆ ಸಾಲು ಕಟ್ಟುವ ಕೆಲಸ ನಿಂತಿರಲಿಲ್ಲ. ನಾವು ಮಲಗಿದ ಮೇಲೂ ಒಬ್ಬೊಬ್ಬರಾಗಿ ಬಂದು ಸೇರುತ್ತಲೇ ಇದ್ದರು. ಗಟ್ಟಿ ಮಾಲು ಬೆರೆಸಿದಷ್ಟೂ ಸಾಲು ಹೆಚ್ಚು, ಸಾಲು ಹೆಚ್ಚಿದಷ್ಟೂ ಕುಗ್ಗುವುದು ಹೆಚ್ಚು. ಅಚ್ಚನ್ನು ಕೊರೆದದ್ದು ಆ ಲೆಕ್ಕಕ್ಕಲ್ಲ. ಒಂದಿಷ್ಟು ದೊಡ್ಡದಾಗಿ ಮತ್ತೆ ಕೊರೆಸೋಣವೆಂದರೆ ಮಿಸ್ತ್ರಿ ತಂಗಿಯ ಮದುವೆಗೆಂದು ರತ್ನಾಗಿರಿಗೆ ಹೋಗಿ ಕೂತಿದ್ದ.

‘ಬಿಡ್ರಿ, ಆತಲ್ಲ,’ ಎಂದಳು ಮಾಮಿ. ಗೆದ್ದವಳ ದನಿಯಾಗಿರಲಿಲ್ಲ ಅದು. ಉಪ್ಪಿಟ್ಟಿನ ತಟ್ಟೆಯನ್ನು ಅವರ ಮುಂದೆ ಇಟ್ಟು, ‘ತಿನ್ರಿ ಮೊದಲ’ ಎಂದಳು.

ಮಾಮಾ ಉಪ್ಪಿಟ್ಟು ತಿಂದರು. ಕೈ ತೊಳೆದರು. ಬುಟ್ಟಿ ಎತ್ತಿಕೊಂಡರು. ‘ಬರ್ತೀನಿ ಅಂತ ಹೇಳಿದ ಮ್ಯಾಲ ಹೋಗಬೇಕು. ಕೂಸ, ನೀನೂ ಬಾ. ಹುಡುಗಿ ಎದುರಿಗಿದ್ರ ಅವರು ಭಾಳ ಬೈಯಂಗಿಲ್ಲ.’

ಹೀಗೆ ನಾನು ಕಾನ್ವೆಂಟಿನ ನೀಲಿ ರಿಬ್ಬನ್ ಕಟ್ಟಿಕೊಂಡು, ಬೈಗುಳಕ್ಕೆ ಛತ್ರಿಯಾಗಿ ಫೋರ್ಟಿಗೆ ಹೊರಟೆ.

ಹೋಟೆಲಿನ ಯಜಮಾನರು ಬುಟ್ಟಿಯಿಂದ ಒಂದು ಮುಚ್ಚಳ ಎತ್ತಿ, ತಿರುಗಿಸಿ, ಮೂಸಿ ನೋಡಿದರು. ಮಾಮಾ ಕುಗ್ಗಿದ ಕತೆ ಶುರುಮಾಡುವ ಮೊದಲೇ ಅವರದೊಂದು ಪ್ರಶ್ನೆ ಬಂತು.

‘ಇದು ಎಂಥದ್ದರಲ್ಲಿ ಮಾಡುದು ರಾಯ್ರೆ? ಕೊಂಬು, ಎಲುಬು ಅಂಥದೇನಾದ್ರೂ ಉಂಟಾ? ಬಾಚಣಿಗೆಯೆಲ್ಲ ಕೊಂಬಿನದ್ದು ಬರ್ತದಲ್ಲ. ನಮ್ಮಲ್ಲಿ ಅದೆಲ್ಲ ನಡೆಯುದಿಲ್ಲ, ಆಯ್ತಾ?’

‘ಛೇ ಛೇ, ಬರೇ ಗ್ಯಾಸಿನಿಂದ ಆಗೂದ್ರಿ.’

‘ಗ್ಯಾಸು ಎಂಥದ್ದರಿಂದ?’

ಆ ಗ್ಯಾಸನ್ನು ಆಲ್ಕೋಹಾಲಿನಿಂದಲೂ ತೆಗೆಯಬಹುದೆಂದು ಪ್ಯಾಂಫ್ಲೆಟ್ಟಿನಲ್ಲಿ ನಾನು ಓದಿದ್ದೆ. ಹೇಳಲೆಂದು ಬಾಯಿ ತೆರೆದೆ. ಮಾಮಾ ನನ್ನ ಚಪ್ಪಲಿಯ ಮೇಲೆ ತಮ್ಮ ಬೂಟನ್ನು ಇಟ್ಟರು. ಮುಂಬಯಿಯಲ್ಲಿ ಆಗ ಪಾನನಿಷೇಧ ಬೇರೆ.

‘ಎಣ್ಣಿಯಿಂದ್ರಿ. ಭೂಮಿಯೊಳ್ಗಿನ ಎಣ್ಣಿ,’ ಎಂದರು ಮಾಮಾ.

‘ಹಾಗಾದ್ರೆ ಅಡ್ಡಿಯಿಲ್ಲ. ಆದ್ರೂ ಹೊಸ ಪಾತ್ರೆ ಯಾವುದೇ ಬರ್ಲಿ, ಮೊದಲು ಕುದಿಯುವ ನೀರು. ಇದು ನಮ್ಮ ಅಪ್ಪನ ಕಾಲದ ಕ್ರಮ.’

ಅಡುಗೆಮನೆಯ ಬಾಗಿಲ ಬಳಿ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಇಡೀ ದಿನ ನೀರು ಕುದಿಯುತ್ತಿರುತ್ತಿತ್ತು. ತೊಳೆದ ಲೋಟಗಳನ್ನು ತಂತಿಯ ಜಾಲರಿಯಲ್ಲಿ ಅದರೊಳಗೆ ಅದ್ದಿ ತೆಗೆಯುತ್ತಿದ್ದರು. ಯಜಮಾನರು ನಮ್ಮ ಮುಚ್ಚಳಗಳನ್ನೆಲ್ಲ ಲೋಟಗಳ ಜೊತೆ ಜಾಲರಿಗೆ ಸುರಿದರು.

‘ಅಯ್ಯಯ್ಯ, ಬಿಸಿನೀರಾಗ ಬ್ಯಾಡ್ರಿ!’ ಮಾಮಾ ಕೂಗಿಯೇಬಿಟ್ಟರು. ಮೆತ್ತನೆಯ ಪಾಲಿಥೀನ್ ಮುಚ್ಚಳಗಳು ಬಿಸಿಗೆ ಏನಾಗಿದ್ದವೆಂದು ಅವರು ಕಣ್ಣಾರೆ ಕಂಡವರು. ಈ ಮುಚ್ಚಳ ಕಾಫಿಯ ಬಿಸಿ ತಡೆದಿತ್ತು, ಕುದಿಯುವ ಹಂಡೆಯೊಳಗೆ ಮುಳುಗಿರಲಿಲ್ಲ. ‘ಮೆತ್ತಗಾಗಿ ಹೋಗ್ತಾವ್ರಿ, ನನ್ನ ಮಾತ ಕೇಳ್ರಿ!’

‘ಬಿಸಿನೀರು ಆಗದ್ದು ನನ್ನ ಹೋಟ್ಲಿಗೂ ಆಗುದಿಲ್ಲ,’ ಎಂದು ಯಜಮಾನರು ಜಾಲರಿಯನ್ನು ಮುಳುಗಿಸಿದರು.

ಮಾಮಾ ಕಣ್ಣು ಮುಚ್ಚಿಕೊಂಡರು. ಜಾಲರಿ ಮೇಲೆ ಬಂತು. ಮುಚ್ಚಳಗಳು ದುಂಡಗೇ ಇದ್ದವು, ಹಬೆಯಾಡುತ್ತ. ಯಜಮಾನರು ಒಂದು ಲೋಟಕ್ಕೆ ಕಾಫಿ ಬಗ್ಗಿಸಿ, ಬಿಸಿಬಿಸಿ ಮುಚ್ಚಳವನ್ನು ಎತ್ತಿ ಅಂಗೈಯಿಂದ ಒತ್ತಿದರು.

ಕಟ್.

ಮಾಮಾ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ನಾನು ಲೋಟದ ಕಡೆ ನೋಡಿದೆ. ಸಾಲಿನ ಹೊರಗಿದ್ದ ಗದ್ದಲದ ಹುಡುಗಿಯರು ಬಿಸಿಗೆ ಮೈ ಸಡಿಲಿಸಿ ಜಾಗ ಮಾಡಿಕೊಟ್ಟಿದ್ದರು. ಶಿಸ್ತಿನವರು ಸಾಲು ಬಿಡದೆ ಆಕಾರ ಕಾಯ್ದಿದ್ದರು. ಮೈ ಕಾದು ಹಿಗ್ಗಿದ ಮುಚ್ಚಳ ಲೋಟದ ಬಾಯಿ ದಾಟಿ ಕೂತು, ಹೊರಗಿನ ಗಾಳಿಗೆ ಆರುತ್ತ ಮತ್ತೆ ಕುಗ್ಗಿ, ಅಂಚನ್ನು ಕಚ್ಚಿ ಹಿಡಿದಿತ್ತು. ಮಾಮಾ ಕುಗ್ಗಿದ ಕತೆಯನ್ನು ಯಜಮಾನರಿಗೆ ಹೇಳಲೇ ಇಲ್ಲ. ಯಾತಕ್ಕೆ ಹೇಳಬೇಕು?

‘ಮೇಲೆ ಕಳಿಸಿ ನೋಡುವ,’ ಎಂದರು ಯಜಮಾನರು. ‘ನಿಮ್ಮ ದೊಡ್ಡ ಸಾಹೇಬ್ರ ಕಾಫಿಯೇ ಇದು. ಎಲ್ಲರಿಗಿಂತ ಹೆಚ್ಚು ಬೈಯುದು ಅವರೇ.’

ಮಾಮಾನ ಮುಖ ಹಂಡೆಯ ಹಬೆಯ ಬಣ್ಣಕ್ಕೆ ತಿರುಗಿತು. ಸರ್ವರ್ ತಂತಿಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದ. ನಾವು ಕಳ್ಳರಂತೆ ಹಿಂದೆ. ಒಂದು ಹನಿಯೂ ಚೆಲ್ಲಲಿಲ್ಲ. ಮಾಮಾನ ಆಫೀಸಿನ ಮಾಳಿಗೆ ಬಂದಾಗ ನಾವು ಮೆಟ್ಟಿಲಿನ ತಿರುವಿನಲ್ಲೇ ನಿಂತೆವು. ಸಾಹೇಬರ ಕೋಣೆಯ ಬಾಗಿಲು ತೆರೆದಿತ್ತು. ಅವರೊಬ್ಬ ದುಂಡನೆಯ ಪಾರ್ಸಿ, ಬಿಳಿ ಡ್ರಿಲ್ ಸೂಟು. ಲೋಟವನ್ನು ನೋಡಿ ಹುಬ್ಬೇರಿಸಿದರು. ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿದರು. ಬರಲಿಲ್ಲ. ತಿರುಗಿಸಿದರು. ಬರಲಿಲ್ಲ. ಲೋಟವನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡು ಎರಡೂ ಕೈಯಿಂದ ಜಗ್ಗಿದರು.

ಬಂತು. ಮುಚ್ಚಳದ ಜೊತೆ ಕಾಲು ಭಾಗ ಕಾಫಿಯೂ ಬಂದು ಬಿಳಿ ಪ್ಯಾಂಟಿನ ಮೇಲೆ ಕೂತಿತು.

‘ಹೋತು,’ ಎಂದು ಮಾಮಾ ಪಿಸುಗುಟ್ಟಿದರು. ‘ಮಷಿನ್ನೂ ಹೋತು, ನೌಕರಿನೂ ಹೋತು. ನಡಿ ಕೂಸ.’

ಒಳಗಿನಿಂದ ಬಂದ ಗುಜರಾತಿ ಶಬ್ದಗಳು ಕಾನ್ವೆಂಟಿನಲ್ಲಿ ಕಲಿಸಿದಂಥವಲ್ಲ. ಆಮೇಲೆ ಅವರು ಉಳಿದ ಕಾಫಿಯನ್ನಾದರೂ ಕುಡಿಯೋಣವೆಂದು ಲೋಟ ಎತ್ತಿ ಒಂದು ಗುಟುಕು ಹೀರಿದರು. ಗುಟುಕು ಬಾಯಲ್ಲೇ ನಿಂತಿತು.

‘ಅರೇ! ಗರಂ ಛೇ! ಇಟ್ ಈಸ್ ಹಾಟ್!’ ಎಂದು ಇಡೀ ಹಾಲಿಗೆ ಕೇಳಿಸುವಂತೆ ಕೂಗಿದರು. ಗುಮಾಸ್ತರೆಲ್ಲ ತಲೆಯೆತ್ತಿದರು. ಹಾಗೆ ತಲೆಯೆತ್ತಿದವರಲ್ಲೊಬ್ಬರು ಮೆಟ್ಟಿಲ ತಿರುವಿನಲ್ಲಿ ಮಾಮಾನನ್ನು ಕಂಡು ಹಲ್ಲು ಬಿಟ್ಟರು. ಸಾಹೇಬರ ಕಣ್ಣೂ ಅತ್ತ ಹೊರಳಿತು.

‘ಯೂ! ನೀನು ಲೀವ್ ಮೇಲೆ ಇಲ್ಲವಾ? ವಾಟ್ ಆರ್ ಯೂ ಡೂಯಿಂಗ್ ಆನ್ ದ ಸ್ಟೇರ್ಸ್?’

ಮಾಮಾ ಒಂದು ಮೆಟ್ಟಿಲು ಕೆಳಗಿಳಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಕಲಿಸಿದ ಸ್ಪಷ್ಟ ಉಚ್ಚಾರದಲ್ಲಿ, ‘ಹಿ ಮೇಡ್ ದ ಲಿಡ್, ಸರ್,’ ಎಂದೆ.

ಸಾಹೇಬರು ಮುಚ್ಚಳ ನೋಡಿದರು, ಪ್ಯಾಂಟ್ ನೋಡಿದರು, ಮಾಮಾನನ್ನು ನೋಡಿದರು. ಆಮೇಲೆ ತಮ್ಮ ಕಿವಿಯನ್ನು ತಾವೇ ಹಿಡಿದು ಎಳೆದುಕೊಂಡರು.

‘ಕಾನ್, ಕಾನ್! ಇದಕ್ಕೊಂದು ಕಿವಿ ಇಡು, ಡಿಕ್ರಾ, ಮಗನೇ! ಇಲ್ಲದಿದ್ದರೆ ಮನುಷ್ಯ ತೆಗೆಯೋದು ಹೇಗೆ?’

ಕೆಳಗಿಳಿದು ಬಂದಾಗ ಯಜಮಾನರಿಗೆ ಆಗಲೇ ಸರ್ವರ್ ವರದಿ ಒಪ್ಪಿಸಿಯಾಗಿತ್ತು. ‘ಕಿವಿ ಇಟ್ಟು ಕೊಡಿ ರಾಯ್ರೆ. ಅಚ್ಚಲ್ಲಿ ಒಂದು ಗೀರು ಹಾಕಿದ್ರೆ ಆಯ್ತಲ್ಲ? ಎಲ್ಲ ಮಾಳಿಗೆಗೂ ಆಗುವಷ್ಟು ಬೇಕು. ಈ ಬುಟ್ಟಿ ಇಲ್ಲೇ ಇರ್ಲಿ,’ ಎಂದರು. ನನಗೊಂದು ಪ್ಲೇಟ್ ನೀರುದೋಸೆ ತರಿಸಿದರು. ಮಾಮಾ ಏನೂ ತಿನ್ನಲಿಲ್ಲ. ಅರದಿಂದ ತಾವೇ ಆ ಗೀರು ಉಜ್ಜಬಹುದೆಂದು ಮೇಜಿನ ಮೇಲೆ ಬೆರಳಲ್ಲಿ ನೀರು ಅದ್ದಿ ಚಿತ್ರ ಬರೆಯುತ್ತಿದ್ದರು.

ಮನೆಯಲ್ಲಿ ಮಾಮಿ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

‘ಹೋಟೆಲ್ಲಿನವರು ಇಟ್ಕೊಂಡ್ರೇನ್ರಿ?’

‘ಇಟ್ಕೊಂಡ್ರು.’

‘ಬುಟ್ಟಿ ಎಲ್ಲಿ?’

‘ಬುಟ್ಟಿ ಸಮೇತ ಇಟ್ಕೊಂಡ್ರು.’

‘ಅದು ನನ್ನ ಉಳ್ಳಾಗಡ್ಡಿ ಬುಟ್ಟಿ,’ ಎಂದಳು ಮಾಮಿ. ಸ್ವಲ್ಪ ಹೊತ್ತು ಮೊರದಲ್ಲಿ ಕಲ್ಲು ಹುಡುಕಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಮಾತು ಅಂದ್ರ ಮಾತು. ಬಿಡ್ರಿ ನೌಕರಿ,’ ಎಂದಳು. ಅವಳಿಗೆ ಎಷ್ಟು ಭಯವಾಗಿತ್ತೆಂದು ನನಗೆ ಗೊತ್ತಿಲ್ಲ. ಆ ದಿನದ ಅನ್ನ ಮಾತ್ರ ತಳ ಹತ್ತಿತ್ತು. ಹಿಂದೆಂದೂ ಹಾಗಾದದ್ದು ನಾನು ಕಾಣೆ.

ಸೋಮವಾರ ಮಾಮಾ ರಾಜೀನಾಮೆ ಕೊಡಲು ಹೊರಟರು. ಅಂದೂ ಮಾಮಿ ಕೋಟಿಗೆ ಇಸ್ತ್ರಿ ಹಾಕಿಕೊಟ್ಟಳು. ಬಿಡಲು ಹೋಗುವಾಗಲೂ ಮಂದಿ ನೋಡುತ್ತಾರಂತೆ. ನನ್ನನ್ನೂ ಜೊತೆಗೆ ಕರೆದೊಯ್ದರು. ಒಳಗೆ ಹೋದವರು ಬೇಗ ಹೊರಗೆ ಬಂದರು. ಸಾಹೇಬರು ಕಾಗದಕ್ಕೆ ಓದದೆಯೇ ಸಹಿ ಹಾಕಿ ಪಕ್ಕಕ್ಕಿಟ್ಟು, ಕಿವಿಯ ಮುಚ್ಚಳ ಯಾವಾಗ ಬರುತ್ತದೆಂದು ಕೇಳಿದರಂತೆ, ಅಷ್ಟೇ.

ನಾವು ಬೋರಿಬಂದರಿನಿಂದ ದಾದರಿಗೆ ಲೋಕಲ್ ಹತ್ತಿದಾಗ ಮಧ್ಯಾಹ್ನ. ಡಬ್ಬಿ ಹೆಚ್ಚುಕಡಿಮೆ ಖಾಲಿ. ಮಾಮಾ ಕಿಟಕಿಯ ಪಕ್ಕ ಕೂತರು. ಸಮುದ್ರದ ಗಾಳಿ ಬರುತ್ತಿತ್ತು. ಇಷ್ಟು ವರ್ಷ ಅವರು ಈ ದಾರಿಯಲ್ಲಿ ಓಡಾಡಿದ್ದೆಲ್ಲ ಯಾರದೋ ಭುಜಕ್ಕೆ ಮೂಗು ತಾಗಿಸಿ ನಿಂತುಕೊಂಡೇ. ಯಾವ ಸ್ಟೇಷನ್ ಬಂತೆಂದು ಜನ ತಳ್ಳುವ ರೀತಿಯಿಂದ ತಿಳಿಯುತ್ತಿದ್ದರು. ಗಾಡಿ ಒಂದು ಕಡೆ ನಿಂತಿತು. ಎತ್ತರದ ಹಳೆಯ ಕಮಾನುಗಳು, ಬಿಸಿಲು, ಪ್ಲಾಟ್‌ಫಾರ್ಮಿನ ಮೇಲೆ ನಿದ್ದೆ ಹೋದ ಒಂದು ನಾಯಿ.

‘ಇದ್ಯಾವ ಸ್ಟೇಷನ್ನ?’

‘ಭಾಯಖಳಾ, ಮಾಮಾ.’

‘ಇಷ್ಟು ಛಂದ ಅದ ಏನಿದು?’ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ಕೆಳಗೆ ನೋಡಿದರು. ‘ಇಳಿಯೋಣೇನ?’

‘ಯಾಕ?’

‘ಸುಮ್ಮನ.’

ಇಳಿದೆವು. ಕಮಾನಿನ ನೆರಳಿನಲ್ಲಿ ಒಂದು ಬೆಂಚಿತ್ತು, ಅದರ ಮೇಲೆ ಕೂತೆವು. ಮಾಮಾ ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಮುಂದಿನ ಲೋಕಲ್ ಬಂತು, ನಾವು ಹತ್ತಲಿಲ್ಲ. ಅದರ ಮುಂದಿನದನ್ನೂ ಬಿಟ್ಟೆವು.